ಮಾತಾಡಿಸಲು ಬಂದವರು

ಮಂಗಳವಾರ ಬಂತೆಂದರೆ ನಮ್ಮ ಮನೆಗೆ ಯಾರಾದರೂ ಬಂದೇ ಬರುತ್ತಾರೆ. ನಾನು ತೋರಿಸಿಕೊಳ್ಳಬೇಕಾದ ಬಳ್ಳಾರಿಯ ಡಾಕ್ಟರಮ್ಮ ಸಿಗುವುದೂ ಮಂಗಳವಾರ ಮಾತ್ರ. ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಗುತ್ತಿದೆ. ಸೂಜಿ ಹಾಕಿ ನೋಡಬೇಕು, ವಾರದೊಳಗೆ ಬನ್ನಿ ಎಂದಿದ್ದರು. ಆಗಲೇ ಐದು ಮಂಗಳವಾರ ಹೋದವು.

ನನ್ನ ಗಂಡ ಜಂಬುನಾಥರಿಗೆ ಲಕ್ವಾ ಹೊಡೆದು ಮೂರು ತಿಂಗಳು. ಬಲಗಡೆ ಪೂರ್ತಿ ಬಿದ್ದಿದೆ. ಮಾತು ತೊದಲುತ್ತದೆಂದು ಆಡುವುದನ್ನೇ ಬಿಟ್ಟಿದ್ದಾರೆ. ಏನು ಬೇಕಾದರೂ ಎಡಗೈಯಿಂದ ಮಂಚದ ಕಂಬಿಗೆ ಸ್ಟೀಲಿನ ಲೋಟ ಬಡಿಯುತ್ತಾರೆ. ನನ್ನ ಕೈಯಿಂದಲ್ಲದೆ ಗುಟುಕು ನೀರೂ ಕುಡಿಯುವುದಿಲ್ಲ. ಬಂದವರೆಲ್ಲ ಇದನ್ನೇ ಹೊಗಳುತ್ತಾರೆ. ಹೊಗಳಿಕೆಯನ್ನು ನಾನೇನು ಉಪ್ಪಿನಕಾಯಿ ಹಾಕಲೇ?

ಈ ಸಲ ಪಕ್ಕದ ಮನೆಯವಳನ್ನು ಕಾಡಿ ಬೇಡಿ ಮಧ್ಯಾಹ್ನದವರೆಗೆ ಕೂರಲು ಒಪ್ಪಿಸಿದ್ದೆ. ಸೀರೆ ಉಟ್ಟು, ಫೈಲು ಚೀಲಕ್ಕೆ ಹಾಕಿಕೊಂಡೆ. ಅಷ್ಟರಲ್ಲಿ ಬಾಗಿಲಿಗೆ ಆಟೋ ಬಂದು ನಿಂತಿತು. ಬಾದನಹಟ್ಟಿಯಿಂದ ನನ್ನ ಗಂಡನ ಅಕ್ಕ ವೀರಭದ್ರಮ್ಮ, ಜೊತೆಗೆ ಇನ್ನಿಬ್ಬರು, ಒಂದು ಬ್ರೆಡ್ಡು, ನಾಲ್ಕು ಮೋಸಂಬಿ. ಜನ ಬಂದರಲ್ಲ ಎಂದು ಪಕ್ಕದ ಮನೆಯವಳು ಖುಷಿಯಿಂದ ಎದ್ದು ಹೋದಳು.

“ಎಲ್ಲಿಗೋ ಹೊಂಟಂಗಿತ್ತು, ಗಂಗೋತ್ರಿ?”

“ಬಳ್ಳಾರಿಗೆ, ಅಕ್ಕಾ.”

“ನಾಳೆ ಹೋಗುವಂತಿ ಬಿಡು. ನಾವೇನು ದಿನಾ ಬರ್ತೀವಾ?”

ಉಟ್ಟ ಸೀರೆಯಲ್ಲೇ ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದೆ, ಮಿರ್ಚಿ ಕರಿದೆ, ಚಹಾ ಇಟ್ಟೆ. ನಡುವೆ ಎರಡು ಸಲ ಲೋಟ ಬಡಿಯಿತು, ಎರಡು ಸಲ ಓಡಿದೆ. ಮೂರನೆಯ ಮಿರ್ಚಿ ಕೈಗೆತ್ತಿಕೊಂಡ ವೀರಭದ್ರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಭಾಳ ಸೊರಗೀದಿ ನೋಡವ್ವ. ನಿನ್ನ ಮೈ ಕಡೀಗೂ ಲಕ್ಷ್ಯ ಇರಬೇಕು. ಹೊತ್ತಿಗೆ ಸರಿಯಾಗಿ ಉಣ್ಣು, ಜರಾ ಮಕ್ಕೊ. ಇನ್ನೊಂದು ಕಪ್ ಚಾ ಐತೇನು?”

ನನಗೆ ತಲೆ ಕೆಟ್ಟುಹೋಯಿತು. ಒಲೆ ಆರಿಸಿ ಬಂದೆ.

“ಅಕ್ಕಾ, ನನಗ ಎದ್ಯಾಗ ಗಂಟು ಬಂದೈತಿ. ತೋರಿಸಾಕ ಹೊಂಟೀನಿ.”

ಮಿರ್ಚಿ ಹಿಡಿದ ಕೈ ಅಲ್ಲೇ ನಿಂತಿತು. “ಮೊದ್ಲ ಹೇಳಬಾರದೇನವ್ವ?”

“ಯಾವಾಗ ಹೇಳ್ಲಿ? ನೀವು ಬಂದಾಗೆಲ್ಲ ನಾ ಒಲಿ ಮುಂದ ಇರ್ತೀನಿ.”

“ಮತ್ತ ಇವನ್ನ ನೋಡೋರ್ಯಾರು? ನಿನ್ನ ಕೈಲೇ ಆಗಬೇಕು ಅವಗ.”

“ನೀವದೀರಲ್ಲ. ನಿಮ್ಮ ತಮ್ಮ ಅಲ್ಲೇನ್ರಿ?”

ಗಂಜಿ ಎಲ್ಲಿದೆ, ಕುಡಿಸುವಾಗ ತಲೆ ಎಷ್ಟು ಎತ್ತಬೇಕು, ಮಗ್ಗುಲು ಯಾವಾಗ ಬದಲಿಸಬೇಕು, ಎಲ್ಲ ಒಂದೇ ಉಸಿರಿಗೆ ಹೇಳಿ ಚಪ್ಪಲಿ ಮೆಟ್ಟಿದೆ. ಹೊಸ್ತಿಲು ದಾಟಬೇಕು, ಒಳಗೆ ಲೋಟ ಬಡಿಯಿತು.

ಅಳು ಬಂತು, ಅದಕ್ಕಿಂತ ಸಿಟ್ಟು ಹೆಚ್ಚು ಬಂತು. ಚಪ್ಪಲಿಯಲ್ಲೇ ಒಳಗೆ ಹೋದೆ.

“ಏನ್ರಿ ಈಗ?”

ಅವರು ನನ್ನ ಕಡೆ ನೋಡಲೇ ಇಲ್ಲ. ಎಡಗೈಯಲ್ಲಿ ಲೋಟವನ್ನು ಅಕ್ಕನ ಕಡೆಗೆ ಚಾಚಿದ್ದರು.

“ಅಕ್ಕಾ,” ಎಂದರು ತೊದಲುತ್ತ. “ನೀ... ನೀರು.”

ವೀರಭದ್ರಮ್ಮ ಗಾಬರಿಯಾಗಿ ನೀರು ತಂದು, ಅರ್ಧ ಕುತ್ತಿಗೆಗೆ ಚೆಲ್ಲಿದರು. ಒರೆಸಲು ಮುಂದೆ ಹೋದ ನನ್ನ ಕೈಯನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ. ನನ್ನ ಗಂಡ ಕಣ್ಣು ಮುಚ್ಚಿ, ಉಳಿದ ನೀರನ್ನು ಪೂರ್ತಿ ಕುಡಿದರು.

ನಮ್ಮೂರು ಕುರುಗೋಡಿನ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಳ್ಳಾರಿ ಬಸ್ಸು ಹೊರಟುಹೋಗಿತ್ತು. ಬಸ್ಸನ್ನೂ ಬೈದು, ಗಂಡನನ್ನೂ ಬೈದು, ಕಣ್ಣೊರೆಸಿಕೊಂಡು ಮುಂದಿನದಕ್ಕೆ ನಿಂತೆ.