ನಾಲ್ಕನೆಯ ಚೌಕ

ನಾಲ್ಕನೆಯ ಚೌಕ ಎಳೆದು, ಮಂಡಿ ಹಿಡಿದುಕೊಂಡು ಎದ್ದ ಮೇಲೆಯೇ ಕೀಲಿಯಕ್ಕನಿಗೆ ತನ್ನ ಎಡವಟ್ಟು ಕಣ್ಣಿಗೆ ಬಿದ್ದದ್ದು. ತಂಗಿಯ ಮನೆಯಲ್ಲಿ ಈಗ ಇರುವುದು ಮೂರೇ ಜನ. ತಂಗಿ, ಅವಳ ಮಗಳು, ಅವಳ ಅತ್ತೆ. ತಲೆಗೆ ಅದು ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಚಂಡಮಾರುತ ಬಂದಾಗಲೆಲ್ಲ ಏಳನೇ ತರಗತಿಯ ಈ ಮೂಲೆಯಲ್ಲಿ ನಾಲ್ಕು ಎಳೆದೇ ರೂಢಿಯಾದ ಕೈ ಅದು.

ಒದ್ದೆ ಬಟ್ಟೆ ತಂದು ತಿಕ್ಕಿದಳು. ಗೆರೆ ಹೋದಂತೆ ಕಂಡಿತು. ಬಟ್ಟೆ ಹಿಂಡಿ ಬಕೆಟ್ಟಿನ ಮೇಲೆ ಹಾಕಿ, ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತಳು. ಬೆಳಗಿನಿಂದ ಎಂಟು ಕೋಣೆಗಳ ಬೆಂಚು ಪೇರಿಸಿ, ಡ್ರಮ್ಮುಗಳಿಗೆ ನೀರು ತುಂಬಿ, ನೂರಾ ಹನ್ನೊಂದು ಚೌಕ ಎಳೆದಿದ್ದಳು. ಮೈಯಲ್ಲಿ ನೋಯದ ಜಾಗ ಯಾವುದೆಂದು ಕೇಳಿದರೆ ಹುಡುಕಿ ಹೇಳಬೇಕಿತ್ತು.

ಈ ಚೌಕಗಳು ಅವಳದೇ ಉಪಾಯ. ಹೆಸರಿಗೆ ಚೌಕ, ಅಷ್ಟೆ. ಆಳುದ್ದ, ಒಂದೂವರೆ ಮೊಳ ಅಗಲ. ಹಿಂದೆ ಕಡಲಂಚಿನ ಜನ ಶಾಲೆಗೆ ಬಂದು ಸೇರಿದಾಗ ಹೊರಗೆ ಗಾಳಿಯ ಜಗಳಕ್ಕಿಂತ ಒಳಗೆ ಜಾಗದ ಜಗಳವೇ ಜೋರಾಗಿರುತ್ತಿತ್ತು. ಶಾಲೆಯ ಕಸ ಗುಡಿಸಿ, ಗಂಟೆ ಹೊಡೆದು, ಬೀಗ ಹಾಕುವ ಕೀಲಿಯಕ್ಕ ಒಂದು ದಿನ ರೇಗಿಹೋಗಿ ಸೀಮೆಸುಣ್ಣ ತೆಗೆದುಕೊಂಡು ತಲೆಗೊಂದು ಚೌಕ ಎಳೆದುಬಿಟ್ಟಳು. ಹೋಗಲಿ ಬಿಡು ಎಂದು ಒಪ್ಪಿಕೊಂಡ ಜನ ಈಗ ಆ ಚೌಕಗಳನ್ನು ಅಪ್ಪನ ಆಸ್ತಿಯೆಂದೇ ತಿಳಿದಿದ್ದಾರೆ. ಯಾವ ಮನೆಯಲ್ಲಿ ಎಷ್ಟು ತಲೆ, ಯಾರಿಗೆ ಯಾರ ಪಕ್ಕ ಆಗದು, ಎಲ್ಲ ಅವಳಿಗೆ ಬಾಯಿಪಾಠ. ಬರುವುದೇ ಇಲ್ಲವೆಂದು ಶಪಥ ಮಾಡಿದವರಿಗೂ ಎಳೆಯುತ್ತಾಳೆ.

ಗೇಟಿನ ಹತ್ತಿರ ಗಾಡಿಯ ಸದ್ದಾಯಿತು. ದರ್ಜಿ ಹೊಲಿಗೆ ಮೆಷಿನ್ನನ್ನು ತಳ್ಳುಗಾಡಿಯ ಮೇಲೆ ಕಂಬಳಿ ಹೊದಿಸಿ ತಂದಿದ್ದ.

"ಈ ಸಲವೂ ಹೊತ್ಕೊಂಡು ಬಂದ್ಯಾ?"

"ಮತ್ತೆ? ಹೆಂಡ್ತೀನ ಬೇಕಾದ್ರೆ ಬಿಟ್ಟು ಬಂದೇನು, ಇದನ್ನ ಬಿಡೋಕಾಗುತ್ತಾ ಅಕ್ಕಾ?"

"ನಂಗೆ ಕೇಳಿಸ್ತು," ಎಂದಳು ಹಿಂದಿನಿಂದ ಗಾಡಿ ತಳ್ಳುತ್ತಿದ್ದ ಅವನ ಹೆಂಡತಿ. "ಗಾಡಿ ತಳ್ಳೋಕೆ ಮಾತ್ರ ನಾನು ಬೇಕು."

ಕೀಲಿಯಕ್ಕ ನಗಲಿಲ್ಲ. "ದಾರೀಲಿ ನನ್ನ ತಂಗಿ ಕಂಡ್ಲಾ?"

ದರ್ಜಿ ಕಂಬಳಿಯ ಹಗ್ಗ ಬಿಚ್ಚುತ್ತ ಮುಖ ತಗ್ಗಿಸಿದ. "ಕಿಟಕಿಗೆ ಹಲಗೆ ಹೊಡೀತಿದ್ಲು. ಬಾಮ್ಮ ಒಟ್ಟಿಗೇ ಹೋಗೋಣ ಅಂದೆ. ನಾವು ಮನೇಲೇ ಇರ್ತೀವಿ ಅಂದ್ಲು."

ಆ ಮನೆ ಇರುವುದು ಮರಳಿನ ಮೇಲೆ. ಅದರಾಚೆ ಇನ್ನೊಂದು ಮನೆಯಿಲ್ಲ. ಈ ವರ್ಷ ಇದು ಮೂರನೆಯ ಎಚ್ಚರಿಕೆ. ಮೊದಲೆರಡು ಸಲ ಬೆಂಚು ಪೇರಿಸುವಷ್ಟರಲ್ಲೇ ಚಂಡಮಾರುತ ಬೇರೆ ದಿಕ್ಕು ಹಿಡಿದು, ಎಲ್ಲರೂ ಗಾಳಿ ಗುದ್ದಿ ಮೈ ನೋಯಿಸಿಕೊಂಡದ್ದಾಗಿತ್ತು. ಇಂದಿನದು ಹಾಗಲ್ಲ. ಮಧ್ಯಾಹ್ನದಿಂದಲೇ ಕಡಲು ಕಂದು ಬಣ್ಣಕ್ಕೆ ತಿರುಗಿತ್ತು. ಐದಕ್ಕೆ ಸೈರನ್ನು. ಸೈರನ್ನು ಕೂಗಿದ ಮೇಲೆ ಗೇಟಿಗೆ ಬೀಗ, ಬೆಳಗಿನವರೆಗೂ ಯಾರಿಗೂ ತೆಗೆಯುವಂತಿಲ್ಲ. ಕೊರಳಿನ ದಾರದಲ್ಲಿ ತೂಗುವ ಕೀಲಿಯನ್ನು ಅವಳು ಒಮ್ಮೆ ಮುಟ್ಟಿ ನೋಡಿಕೊಂಡಳು.

ಆ ನಿಯಮವನ್ನು ಅವಳು ಒಂದೇ ಒಂದು ಸಲ ಮುರಿದಿದ್ದಳು. ಎರಡು ವರ್ಷದ ಹಿಂದೆ, ಚಂಡಮಾರುತದ ಕಣ್ಣು ಊರ ಮೇಲೆ ಬಂದು, ಗಾಳಿ ಇದ್ದಕ್ಕಿದ್ದಂತೆ ನಿಂತು ಊರೆಲ್ಲ ಕಿವುಡಾದಂತಿದ್ದ ಹೊತ್ತಿನಲ್ಲಿ. ದೋಣಿ ನೋಡಿಕೊಂಡು ಬರುತ್ತೇವೆಂದು ಬಂದ ಮೂವರನ್ನು ಬೈದು ಹಿಂದಕ್ಕೆ ಕಳಿಸಿದಳು. ನಾಲ್ಕನೆಯವನಾಗಿ ತಂಗಿಯ ಗಂಡ ಬಂದ. ದೋಣಿಯ ಹಗ್ಗ ಇನ್ನೊಂದು ಸುತ್ತು ಬಿಗಿದು ಬರ್ತೀನಿ, ಹತ್ತೇ ನಿಮಿಷ ಅಕ್ಕಾ ಎಂದ. ತೆಗೆದಳು. ಆರನೆಯ ನಿಮಿಷಕ್ಕೆ ಗಾಳಿ ಮತ್ತೆ ಎದ್ದಿತು, ಈ ಸಲ ಎದುರು ದಿಕ್ಕಿನಿಂದ. ಆತ ತಿರುಗಿ ಬರಲಿಲ್ಲ. "ಊರಿಗೆಲ್ಲ ಬೀಗ ಹಾಕಿದೋಳು ನನ್ನ ಗಂಡನಿಗೊಬ್ಬನಿಗೆ ಯಾಕೆ ತೆಗೆದೆ?" ಎಂದು ತಂಗಿ ಕೇಳಿದ್ದೇ ಕೊನೆಯ ಮಾತು. ಇನ್ನು ಆ ಗೇಟು ದಾಟುವುದಿಲ್ಲ ಎಂದು ಊರವರ ಮುಂದೆ ಹೇಳಿದಳು, ದಾಟಲಿಲ್ಲ. ಮಗಳನ್ನೂ ದೂರದ ಬೇರೆ ಶಾಲೆಗೆ ಹಾಕಿದಳು.

ಗಂಟೆ ಮೂರೂಮುಕ್ಕಾಲು. ಕೀಲಿಯಕ್ಕ ಬಾಗಿಲ ಹೊಣೆಯನ್ನು ದರ್ಜಿಯ ಹೆಂಡತಿಗೆ ವಹಿಸಿ, ಕಾಲೆಳೆಯುತ್ತ ಮರಳಿನ ದಾರಿ ಹಿಡಿದಳು.

ತಂಗಿ ಸ್ಟೂಲಿನ ಮೇಲೆ ನಿಂತಿದ್ದಳು. ಹಲಗೆಯ ಒಂದು ತುದಿಯನ್ನು ಭುಜದಿಂದ ಒತ್ತಿ ಹಿಡಿದು ಇನ್ನೊಂದು ತುದಿಗೆ ಮೊಳೆ ಹೊಡೆಯಲು ಹೆಣಗುತ್ತಿದ್ದಳು. ಹೆಜ್ಜೆ ಸದ್ದು ಕೇಳಿದರೂ ತಿರುಗಲಿಲ್ಲ. ಕೀಲಿಯಕ್ಕ ಹೋಗಿ ಜಾರುತ್ತಿದ್ದ ತುದಿಯನ್ನು ಹಿಡಿದುಕೊಂಡಳು. ತಂಗಿ ಮೊಳೆ ಇಟ್ಟು ಸುತ್ತಿಗೆ ಎತ್ತಿದಳು. ಒಂದು ಮೊಳೆ ಬಾಗಿತು, ಇನ್ನೊಂದು ಇಳಿಯಿತು. ಎರಡು ಹಲಗೆ ಮುಗಿದವು.

"ಯಾರದು, ದೊಡ್ಡೋಳಾ?" ಒಳಗಿನಿಂದ ತಂಗಿಯ ಅತ್ತೆಯ ದನಿ. "ನನ್ನ ಚೌಕ ಎಳೆದಿದೀಯೇನೇ? ಕಿಟಕಿ ಪಕ್ಕ ಬೇಡಮ್ಮ, ಸೊಂಟ ಹಿಡ್ಕೊಳ್ಳುತ್ತೆ."

"ಗೋಡೆ ಪಕ್ಕಾನೇ ಎಳೆದಿದೀನಿ, ಅತ್ತೆ."

"ನಾವು ಎಲ್ಲೂ ಹೋಗ್ತಿಲ್ಲ," ಎಂದಳು ತಂಗಿ, ಹಲಗೆಗೆ ಹೇಳಿದಂತೆ.

"ಮಗೂನಾದ್ರೂ ಕಳಿಸು."

"ನೀನು ಕಾಯೋ ಜಾಗಕ್ಕಾ?"

ಕೀಲಿಯಕ್ಕನಿಗೆ ಈ ಮಾತು ಬರುತ್ತದೆಂದು ದಾರಿಯುದ್ದಕ್ಕೂ ಗೊತ್ತಿತ್ತು; ಗೊತ್ತಿದ್ದ ಮಾತ್ರಕ್ಕೆ ನೋವೇನೂ ಕಡಿಮೆಯಾಗಲಿಲ್ಲ. ಹಲಗೆಯಿಂದ ಕೈ ತೆಗೆದಳು.

"ಅವತ್ತು ಕೇಳಿದ್ಯಲ್ಲ, ಅವನಿಗೊಬ್ಬನಿಗೇ ಯಾಕೆ ತೆಗೆದೆ ಅಂತ. ನಮ್ಮೋನು ಅಂತ ತೆಗೆದೆ. ಬೇರೆಯವರಿಗೆ ಆಗಲ್ಲ ಅನ್ನೋಕೆ ಬಾಯಿ ಬಂತು, ಮನೆಯವನಿಗೆ ಬರಲಿಲ್ಲ. ತಪ್ಪು ನಂದೇ. ನಿದ್ದೆ ಬಂದ ದಿನ ಇಲ್ಲ ನಂಗೆ." ಕೈಗೆ ಅಂಟಿದ ಮರದ ಪುಡಿಯನ್ನು ಸೆರಗಿಗೆ ಒರೆಸಿಕೊಂಡು, "ಐದಕ್ಕೆ ಸೈರನ್ನು," ಎಂದಳು.

ತಂಗಿ ಇನ್ನೊಂದು ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಂಡಳು. ಕೀಲಿಯಕ್ಕ ಹಿಂದಿರುಗುವಾಗ ಬೆನ್ನ ಹಿಂದೆ ಸುತ್ತಿಗೆ ಹೊಡೆಯುತ್ತಲೇ ಇತ್ತು.

ಐದಕ್ಕೆ ಸೈರನ್ನು ಕೂಗಿತು. ಮಳೆ ಅಡ್ಡಡ್ಡ ಬೀಳತೊಡಗಿತ್ತು. ಕೀಲಿಯಕ್ಕ ಬೀಗವನ್ನು ಒಂದು ಕೈಯಲ್ಲಿ, ಕೀಲಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಅರ್ಧ ಮುಚ್ಚಿದ ಗೇಟಿಗೆ ಒರಗಿ ನಿಂತಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೂ ದಾರಿಯ ತಿರುವಿನಲ್ಲಿ ಒಂದು ನಾಯಿಯೂ ಕಾಣಲಿಲ್ಲ.

"ಹಾಕಿಬಿಡು ಅಕ್ಕಾ," ಎಂದು ದರ್ಜಿ ಜಗಲಿಯಿಂದ ಕೂಗಿದ. "ನಿಯಮ ನಿಂದೇ ಅಲ್ವಾ?"

"ಹೂಂ, ಹಾಕ್ತೀನಿ," ಎಂದಳು. ಹಾಕಲಿಲ್ಲ. ನಿಯಮ ಇನ್ನೊಮ್ಮೆ ಮುರಿಯುತ್ತಿದೆ, ಮತ್ತೆ ಮನೆಯವರಿಗಾಗಿಯೇ, ಎಂದು ಅವಳಿಗೆ ಅರಿವಿತ್ತು.

ಐದು ಗಂಟೆ ಹತ್ತು ನಿಮಿಷವಾಗಿತ್ತೇನೋ. ತಿರುವಿನಲ್ಲಿ ಒಂದು ತಳ್ಳುಗಾಡಿ ಕಾಣಿಸಿತು. ಗಾಡಿಯಲ್ಲಿ ಟಾರ್ಪಾಲು ಹೊದ್ದ ಅತ್ತೆ, ಪಕ್ಕದಲ್ಲಿ ಗಂಟು ಅವುಚಿಕೊಂಡ ಹುಡುಗಿ, ಹಿಂದೆ ತಲೆ ತಗ್ಗಿಸಿ ತಳ್ಳುತ್ತಿದ್ದ ತಂಗಿ. ಅತ್ತೆಯನ್ನೂ ಮಗಳನ್ನೂ ಇಳಿಸಿ ಒಳಗೆ ಕಳಿಸಿದ ತಂಗಿ ತಾನು ಮಾತ್ರ ಗೇಟಿನ ಗೆರೆಯ ಆಚೆಯೇ ನಿಂತಳು. ಕೂದಲಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಕೀಲಿ ಕೊಡು."

ಕೀಲಿಯಕ್ಕ ಒಂದು ಗಳಿಗೆ ಅವಳ ಮುಖ ನೋಡಿದಳು. ಹದಿನೇಳು ವರ್ಷದಲ್ಲಿ ಅದನ್ನು ಹೆಡ್‌ಮಾಸ್ತರಿಗೂ ಕೊಟ್ಟವಳಲ್ಲ. ದಾರ ತಲೆಯಿಂದ ತೆಗೆದು ಕೊಟ್ಟಳು.

ತಂಗಿ ಒಳಗೆ ಬಂದು ಗೇಟು ಎಳೆದಳು, ಬೀಗ ಹಾಕಿದಳು, ಎರಡು ಸಲ ಜಗ್ಗಿ ನೋಡಿದಳು. ದಾರವನ್ನು ತನ್ನ ಕೊರಳಿಗೆ ಹಾಕಿಕೊಂಡು, ಜಗಲಿಯ ತುದಿಯಲ್ಲಿ ಕೀಲಿಯಕ್ಕ ಕೂರುವ ಸ್ಟೂಲಿನ ಮೇಲೆ ಗೇಟಿನ ಕಡೆ ಮುಖ ಮಾಡಿ ಕುಳಿತಳು.

"ನೀನು ಹೋಗಿ ಮಲಕ್ಕೋ," ಎಂದಳು. "ಇವತ್ತು ಯಾರಿಗೂ ತೆಗೆಯಲ್ಲ."

ಕೀಲಿಯಕ್ಕನಿಗೆ ಎಲ್ಲಿಗೆ ಹೋಗಬೇಕೆಂದೇ ತೋಚಲಿಲ್ಲ. ನೂರಾ ಹನ್ನೊಂದು ಚೌಕಗಳಲ್ಲಿ ತನಗೆಂದು ಒಂದನ್ನೂ ಅವಳು ಎಳೆದುಕೊಂಡಿರಲಿಲ್ಲ. ಕೈ ಎರಡು ಸಲ ಬರಿಗೊರಳಿಗೆ ಹೋಗಿ ಬಂತು.

ಏಳನೇ ತರಗತಿಯಲ್ಲಿ ಗೋಡೆ ಪಕ್ಕ ಅತ್ತೆ ಆಗಲೇ ಕಾಲು ಚಾಚಿದ್ದರು. "ದೊಡ್ಡಮ್ಮಾ, ಇಲ್ಲಿ ಬಾ. ಅಮ್ಮಂದು ಖಾಲಿ ಇದೆ," ಎಂದು ಹುಡುಗಿ ತನ್ನ ಪಕ್ಕದ ಚೌಕವನ್ನು ತೋರಿಸಿದಳು. ಅದರಾಚೆ, ನೆಲದ ಒದ್ದೆ ಆರಿದ ಕಡೆ, ತಿಕ್ಕಿ ಅಳಿಸಿದ್ದ ನಾಲ್ಕನೆಯ ಚೌಕದ ಗೆರೆಗಳು ಮತ್ತೆ ಬೆಳ್ಳಗೆ ಮೂಡಿದ್ದವು.

ಕೀಲಿಯಕ್ಕ ತಂಗಿಯ ಚೌಕದಲ್ಲಿ ಮಲಗಿದಳು. ತರಗತಿಯ ಕಿಟಕಿಗೆ ಹೊಡೆದ ಹಲಗೆಗಳ ಸಂದಿಯಲ್ಲಿ ಸ್ಟೂಲಿನ ಮೇಲೆ ಕುಳಿತ ತಂಗಿಯ ಬೆನ್ನು ಕಾಣುತ್ತಿತ್ತು. ಗಾಳಿ ಏರುತ್ತಿತ್ತು. ಅವಳು ಮಗ್ಗುಲಾಗಿ, ಕೈ ಆಚೆಯ ಗೆರೆ ದಾಟದಂತೆ ಎದೆಗೆ ಮಡಚಿಕೊಂಡಳು.