ಮುಖಪುಟದ ಬೆನ್ನಿಗೆ

"ತುಟಿ ಇನ್ನೂ ಸ್ವಲ್ಪ ದಪ್ಪ ಇರಬೇಕಿತ್ತು," ಎಂದ ಹಾಡುಗಳ ಪ್ರಕಾಶಕ ಹಾರ್ಮನ್. "ಹೋಗ್ಲಿ, ಅಚ್ಚಾಗಿಹೋಯ್ತು."

ಲೂಷಿಯಸ್‌ನ ಕೈಯಲ್ಲಿ ಅವನು ಕಟ್ಟಿದ ಮೊದಲ ಹಾಡಿನ ಅಚ್ಚಾದ ಸ್ವರಲಿಪಿ. ಹೊಳೆದಂಡೆಯಲ್ಲಿ ಹುಡುಗಿಗಾಗಿ ಕಾಯುವವನ ಹಾಡು. ಮುಖಪುಟದಲ್ಲಿ ಮಾತ್ರ ಇದ್ದಲಿನಂಥ ಕರಿಯನೊಬ್ಬ ಕಲ್ಲಂಗಡಿ ತಬ್ಬಿಕೊಂಡು ಹಲ್ಲು ಕಿರಿಯುತ್ತಿದ್ದ. ಮೂಲೆಯಲ್ಲಿ, ಅದನ್ನು ರಂಗದ ಮೇಲೆ ಹಾಡಲಿರುವ ಬಿಳಿಯ ಗಾಯಕಿಯ ಫೋಟೊ. ತಳದಲ್ಲಿ ಇರುವೆಸಾಲಿನಂತೆ ಲೂಷಿಯಸ್ ಪೆಟಿಫರ್ಡ್.

"ಕಲ್ಲಂಗಡಿ ಎಲ್ಲಿಂದ ಬಂತು ಸರ್?"

"ಬರ್ಟ್‌ನ ಕೇಳಪ್ಪ."

ಚಿತ್ರಕಾರ ಬರ್ಟ್ ಕುಂಚ ತೊಳೆಯುತ್ತಿದ್ದ. "ನಾನು ಯಾರ ಹಾಡೂ ಕೇಳಲ್ಲ ಗುರು. ಬರೆದೋರು ಯಾರು ಅಂದೆ, ನಿಮ್ಮೋರು, ಕರಿಯರು ಅಂದ್ರು. ಕರಿಯರು ಅಂದ್ರೆ ಕಲ್ಲಂಗಡಿ. ಮುಗೀತಲ್ಲ ಕಥೆ!"

"ಒಂದು ಹೊಳೆ ಬರೆದಿದ್ರೆ ಸಾಕಿತ್ತು."

"ಹೊಳೆ ನೋಡಿ ಯಾರು ಕಾಸು ಬಿಚ್ತಾರೆ? ಹೀರೊ ಬೇಕು, ಹೀರೊ! ನೋಡು, ನಿನಗಿಂತ ಎಷ್ಟು ಖುಷಿಯಾಗಿದ್ದಾನೆ."

ಲೂಷಿಯಸ್ ನಕ್ಕ. ಸಂಗೀತ ಶಾಲೆಯಲ್ಲಿ ಕಲಿಸದಿದ್ದರೂ ಈ ನಗು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಸಂಜೆ, ಅವನು ಮೆಚ್ಚಿದ ಐಡೆಲ್‌ಳ ಮನೆಗೆ ಹೋಗಬೇಕು. ಅಚ್ಚಾಗುವವರೆಗೆ ಹಾಡು ಕೇಳಿಸುವುದಿಲ್ಲ ಎಂದು ಅವಳನ್ನು ಸತಾಯಿಸಿದ್ದ. ಪಾದ್ರಿಯಾದ ಅವಳಪ್ಪನ ಮುಂದೆ ಅವಳೇ ನುಡಿಸುವಳಂತೆ. ಅವಳ ಬೆರಳುಗಳಿಂದ ಅದು ಹೇಗೆ ಹುಟ್ಟೀತು ಎಂದು ಕೇಳಲು ಅವನು ಚಳಿಗಾಲವಿಡೀ ಹಂಬಲಿಸಿದ್ದ.

ಅವಳ ಬೀದಿಯ ತಿರುವಿನಲ್ಲಿ ನಿಂತು ಮುಖಪುಟ ಹರಿದ. ಮಡಚಿ ಜೇಬಿಗೆ ತುರುಕಿದ. ಬಾಗಿಲು ತಟ್ಟಿದ.

"ತಂದ್ರಾ? ಕೊಡಿ ಕೊಡಿ! ಅಪ್ಪ ಆಗಲೇ ಜಡ್ಜ್ ಥರ ಕೂತಿದ್ದಾರೆ."

ಪಿಯಾನೋ ಮೇಲಿನ ದೀಪದ ಮುಂದೆ ಹಾಳೆಯಿಟ್ಟು ಐಡೆಲ್ ಹುಬ್ಬುಗಂಟಿಕ್ಕಿದಳು. "ಇದೇನ್ರೀ, ಮಧ್ಯದಿಂದ ಶುರುವಾಗ್ತಿದೆ? ಮೊದಲನೇ ಪುಟ?"

ಕಾಗದ ಉಳಿಸಲು ಮೊದಲ ಪುಟವನ್ನು ಮುಖಪುಟದ ಬೆನ್ನಿಗೇ ಅಚ್ಚುಹಾಕುತ್ತಾರೆ. ಕಸುಬಿನವರಿಗೆಲ್ಲ ಗೊತ್ತು. ಬೀದಿಯಲ್ಲಿ ನಿಂತಾಗ ಅವನಿಗೆ ಮರೆತಿತ್ತು.

"ದಾರೀಲಿ ಬಿದ್ದುಹೋಯ್ತೇನಪ್ಪಾ?" ಎಂದರು ಪಾದ್ರಿ.

ಹೌದು ಎಂದರೆ ಮುಗಿಯುತ್ತಿತ್ತು. ಐಡೆಲ್‌ಳ ಬೆರಳುಗಳು ಕೀಲಿಮಣೆಯ ಮೇಲೆ ಗಾಳಿಯಲ್ಲೇ ಕಾಯುತ್ತಿದ್ದವು.

"ಇಲ್ಲ, ಇದೆ." ಜೇಬಿನಿಂದ ತೆಗೆದು, ದೀಪದ ಮುಂದೆ ಸ್ವರಗಳಿದ್ದ ಬದಿಯನ್ನು ಅವಳ ಕಡೆಗಿಟ್ಟ. "ನಾನೇ ಹಿಡ್ಕೋತೀನಿ. ತಿರುಗಿಸ್ಬೇಡ."

"ಯಾಕೆ?"

"ನುಡಿಸು."

ಅವಳು ನುಡಿಸತೊಡಗಿದಳು. ಅವನು ಅಂದುಕೊಂಡಿದ್ದಕ್ಕಿಂತ ಮೆಲ್ಲಗೆ, ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ. ದೀಪ ಕಾಗದವನ್ನು ತೂರಿ ಬಂತು. ಸ್ವರಗಳ ನಡುವೆ, ಒಂದರ ಪಕ್ಕ ಒಂದು, ಬೆನ್ನಿನ ಚಿತ್ರದ ಹಲ್ಲುಗಳು ಬೆಳಗತೊಡಗಿದವು.