ಒಂದು ಸೊನ್ನೆ, ಒಂದು ಡ

ದೀಪಾವಳಿಯ ಮುಂಜಾನೆ ನಿಜಗುಣಪ್ಪ ಬೈಲಹೊಂಗಲದ ಬಜಾರಿಗೆ ಬಂದಾಗ ಬ್ಯಾನರು ಆಗಲೇ ಬೀದಿಗೆ ಅಡ್ಡಲಾಗಿ ಏರಿತ್ತು. ಹಣಮಂತಪ್ಪನ ಅರಿವೆ ಅಂಗಡಿಯ ಮಾಳಿಗೆಯಿಂದ ಎದುರಿನ ಭಾಂಡೆ-ಪಾತ್ರೆ ಅಂಗಡಿಯ ಕಂಬದವರೆಗೆ ಬಿಳಿ ಬಟ್ಟೆ, ಅದರ ಮೇಲೆ ಕೆಂಪು ಅಕ್ಷರ: 'ಖಗ್ರಾಸ ಸೂರ್ಯಗ್ರಹಣ ವೀಕ್ಷಣೆ. ಅಕ್ಟೋಬರ್ ೨೪, ೧೯೯೫, ಮುಂಜಾನೆ ೭ ಗಂಟೆಗೆ. ಸರ್ವರಿಗೂ ಸ್ವಾಗತ.'

ಮೊದಲ ಶಬ್ದವನ್ನು ಅವನು ಮತ್ತೊಮ್ಮೆ ಓದಿದ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವನೇ ತನ್ನ ಕೈಯಾರೆ ಬರೆದುಕೊಟ್ಟ ಚೀಟಿಯಲ್ಲಿ 'ಖಂಡಗ್ರಾಸ' ಎಂದಿತ್ತು. ಒಂದು ಸೊನ್ನೆ, ಒಂದು ಡ ಬಿಟ್ಟುಹೋಗಿದ್ದವು. ಖಗ್ರಾಸವೆಂದರೆ ಸೂರ್ಯ ಪೂರ್ತಿ ಮುಚ್ಚಿಹೋಗುವ ಗ್ರಹಣ. ಅದು ನಾಳೆ ಉತ್ತರ ಹಿಂದೂಸ್ತಾನದಲ್ಲಿ. ಇಲ್ಲಿ ಮುಚ್ಚುವುದು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ನಿಚ್ಚಣಿಕೆಯಿಂದ ಇಳಿಯುತ್ತಿದ್ದ ಪೇಂಟರ್ ನೀಲಪ್ಪ ಇವನ ಮುಖ ನೋಡಿ ತಾನೇ ಹೇಳಿದ. "ನೀವು ಕೊಟ್ಟಂಗ ಬರ್ಯಾಂವ ಇದ್ನಿರಿ ಸರ. ಸಾವ್ಕಾರ್ರು ಬ್ಯಾಡ ಅಂದ್ರು."

ಸಾವಕಾರ ಹಣಮಂತಪ್ಪ ಗಾದಿಯ ಮೇಲಿಂದಲೇ ಕರೆದ. ವ್ಯಾಪಾರಸ್ಥರ ಸಂಘಕ್ಕೆ ಅವನೇ ಅಧ್ಯಕ್ಷ. ಗ್ರಹಣವೆಂದರೆ ಬಾಗಿಲು ಹಾಕುವ ಪೇಟೆಯಲ್ಲಿ ಈ ಸಲ ಬಾಗಿಲು ತೆರೆದು, ನಡುಬೀದಿಯಲ್ಲಿ ಜನರನ್ನು ಕೂಡಿಸಿ, ಗ್ರಹಣ ಹಿಡಿದಿರುವಾಗಲೇ ಚಹಾ ಚುರುಮುರಿ ಕೊಡಬೇಕೆಂಬ ಹುರುಪು ಅವನದು.

"ಬರ್ರಿ ಸರ, ಕುಂದರ್ರಿ. ಹಬ್ಬದ ದಿನ ಮಾರಿ ಸಣ್ಣದು ಮಾಡಬ್ಯಾಡ್ರಿ. ಖಂಡಗ್ರಾಸ ಅಂದ್ರ ಯಾರು ಬರ್ತಾರ? ಅರ್ಧಾ ಊಟಕ್ಕ ಯಾರರ ಆಮಂತ್ರಣ ಕೊಡತಾರೇನ್ರಿ?"

"ಜನ ತಪ್ಪು ತಿಳಕೋತಾರ."

"ತಿಳಕೊಳ್ಳಿ ಬಿಡ್ರಿ. ಪೂರಾ ಅಂತ ಬರ್ತಾರ, ಅರ್ಧಾ ನೋಡಿ ಹೋಗತಾರ. ಸಿನಿಮಾ ಪೋಸ್ಟರ್ ನೋಡಿಲ್ಲೇನ ನೀವು?" ಹಣಮಂತಪ್ಪ ನಕ್ಕ. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಜನ ಕೇಳಾಕತ್ತಿದ್ದು ಬ್ಯಾನರ್ ಅಲ್ರಿ. ಮಾಸ್ತರ್ರ ತಂಗಿಗೆ ಗ್ರಹಣ ಬಡದೈತಿ, ಅವರ ಮನಿಯಿಂದ ಮೊದಲ ಹೊರಗ ಬರಲಿ ಅಂತಾರ. ನಾ ಏನು ಉತ್ರಾ ಕೊಡ್ಲಿ?"

ಉತ್ತರ ನಿಜಗುಣಪ್ಪನ ಬಾಯಲ್ಲಿಯೇ ಇತ್ತು. ಒಂದು ವಾಕ್ಯದ್ದು. ಅದನ್ನು ಹೇಳಿದ್ದರೆ ಬ್ಯಾನರೂ ಇಳಿಯುತ್ತಿತ್ತು, ಜನರ ಬಾಯಿಗೂ ಬೀಗ ಬೀಳುತ್ತಿತ್ತು. ಅವನು ಬಶಿಯಲ್ಲಿ ಚಹಾ ಸುರುವಿಕೊಂಡು ಆರುವವರೆಗೆ ಕಾದು ಕುಡಿದ. "ನೋಡೂಣ್ರಿ" ಎಂದು ಎದ್ದ.

ಹದಿನೈದು ವರ್ಷದ ಹಿಂದೆ, ಎಂಬತ್ತರ ಫೆಬ್ರುವರಿಯ ಗ್ರಹಣದಲ್ಲಿ, ಅವನು ಧಾರವಾಡದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದ. ಕಾಲೇಜಿಗೆ ಸೂಟಿ ಕೊಟ್ಟಿದ್ದರಿಂದ ಊರಿಗೆ ಬಂದಿದ್ದ. ಹುಬ್ಬಳ್ಳಿ-ಧಾರವಾಡದ ಕಡೆ ಖಗ್ರಾಸ ಎಂದು ಪತ್ರಿಕೆಯಲ್ಲಿ ಓದಿದ್ದ. ಧಾರವಾಡದಿಂದ ಬೈಲಹೊಂಗಲ ಎಷ್ಟು ದೂರ? ಬಸ್ಸಿನಲ್ಲಿ ಒಂದು ನಿದ್ದೆ ಆಗುವುದರೊಳಗೆ ಬರುವ ಊರು. ಧಾರವಾಡಕ್ಕೆ ಆದದ್ದು ಇಲ್ಲಿಗೂ ಆಗುತ್ತದೆ ಎಂದುಕೊಂಡ. ನಕಾಶೆ ತೆಗೆದು ನೋಡಲಿಲ್ಲ. ಅವತ್ತು ಊರೆಲ್ಲ ಕದ ಹಾಕಿಕೊಂಡು ಕೂತಿತ್ತು. ಅವ್ವ ಗುರುಬಸವ್ವ ಒಳಗೆ ಕಣ್ಣು ಮುಚ್ಚಿ ಜಪಕ್ಕೆ ಕೂತದ್ದೇ ತಡ, ಅವನು ಹದಿನೇಳರ ತಂಗಿ ಬಾಯವ್ವನನ್ನು ಕರೆದುಕೊಂಡು ಮಾಳಿಗೆ ಏರಿದ. ಕಂದೀಲಿನ ಮಸಿ ಹಿಡಿಸಿದ ಗಾಜು ಅವಳ ಕೈಗೆ ಕೊಟ್ಟ. "ಪೂರ್ತಿ ಮುಚ್ಚಿದ ಮ್ಯಾಲೆ ಬರಿಗಣ್ಣಿಲೆ ನೋಡಬಹುದು. ನಾ 'ಈಗ' ಅಂದಕೂಡ್ಲೆ ಗಾಜು ತಗಿ" ಎಂದ.

ಗಡಿಯಾರ ನೋಡಿ, ಪತ್ರಿಕೆಯಲ್ಲಿದ್ದ ಹೊತ್ತಿಗೆ ಸರಿಯಾಗಿ, ಈಗ ಎಂದ. ತಾನು ಮಾತ್ರ ಎದುರಿನ ಸುಣ್ಣದ ಗೋಡೆಯ ಮೇಲೆ ಖಗ್ರಾಸದ ಹೊತ್ತಿಗೆ ಹರಿದಾಡುತ್ತವೆಂದು ಓದಿದ್ದ ನೆರಳಿನ ಗೆರೆಗಳನ್ನು ಹುಡುಕುತ್ತ, ವಹಿಯಲ್ಲಿ ನಿಮಿಷ-ಸೆಕೆಂಡು ಬರೆದುಕೊಳ್ಳುತ್ತ ನಿಂತಿದ್ದ. ಗೋಡೆಯ ಮೇಲೆ ಏನೂ ಹರಿದಾಡಲಿಲ್ಲ. ತಲೆ ಎತ್ತಿ ಇನ್ನೊಂದು ಗಾಜಿನಿಂದ ನೋಡಿದಾಗ ಸೂರ್ಯನ ಒಂದು ಎಳೆ, ಕತ್ತರಿಸಿದ ಉಗುರಿನಷ್ಟು, ಉಳಿದೇ ಇತ್ತು. ಆ ಎಳೆ ಕೊನೆಯವರೆಗೂ ಅಳಿಯಲಿಲ್ಲ. ಖಗ್ರಾಸದ ಅಂಚು ಊರಿನ ದಕ್ಷಿಣಕ್ಕೆ ಎಲ್ಲಿಯೋ ಹೊಲಗಳಲ್ಲಿ ಹಾದುಹೋಗಿರಬೇಕು ಎಂದು ಆಮೇಲೆ ಅವನು ಲೆಕ್ಕ ಹಾಕಿದ.

ಮರುದಿನ ಬಾಯವ್ವನಿಗೆ ಅಕ್ಷರದ ನಡುವೆ ತೂತು ಕಂಡಿತು. ಆ ತೂತು ಹೋಗಲಿಲ್ಲ. ನೆಟ್ಟಗೆ ನೋಡಿದ್ದು ಕಾಣುವುದಿಲ್ಲ. ಯಾರದಾದರೂ ಮುಖ ನೋಡಬೇಕಾದರೆ ಅವರ ಕಿವಿಯ ಕಡೆ ನೋಡುತ್ತಾಳೆ. ಸೂಜಿ ಪೋಣಿಸಲಾಗದ, ಅಕ್ಕಿಯೊಳಗಿನ ಹರಳು ಕಾಣದ ಹುಡುಗಿಯನ್ನು ನೋಡಲು ಬಂದವರು ಚಹಾ ಕುಡಿದು ಹೋದರು. ಗ್ರಹಣದಲ್ಲಿ ಹೊರಗೆ ಹೋದದ್ದಕ್ಕೆ ಗ್ರಹಣ ಬಡಿಯಿತು ಎಂದಿತು ಊರು. ಅವ್ವ ಅದನ್ನೇ ನಂಬಿದಳು. ಮಗಳಿಗೆ ಪ್ರತಿ ಅಮಾವಾಸ್ಯೆಗೆ ಉಪವಾಸ ಹಚ್ಚಿದಳು, ಮುತ್ತೈದೆಯರ ನಡುವೆ ಆರತಿ ಹಿಡಿಯಬೇಡ ಎಂದಳು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲವೆಂದು ಮಠದಲ್ಲಿ ಕೇಳಿ ಬಂದು, ಆ ಮಾತನ್ನು ಮಠದಲ್ಲಿಯೇ ಬಿಟ್ಟು ಬರುವ ಹೆಂಗಸು ಅವಳು. ನಿಜಗುಣಪ್ಪ ಬಾಯಿ ಬಿಡಲಿಲ್ಲ. ತಂಗಿಯ ಲಗ್ನವಾಗದೆ ತಾನು ಆಗುವುದಿಲ್ಲ ಎಂದ. ಊರು ಅದನ್ನು ತ್ಯಾಗ ಎಂದಿತು; ಅದಕ್ಕೂ ಅವನು ಸುಮ್ಮನಿದ್ದ.

ದೀಪಾವಳಿಯ ಆ ಸಂಜೆ ಬಾಯವ್ವ ಪಡಸಾಲೆಯಲ್ಲಿ ಕೂತು, ಬೆರಳಿನ ಅಂದಾಜಿನಲ್ಲಿ ಬತ್ತಿ ಹೊಸೆಯುತ್ತಿದ್ದಳು. ಅವನು ಹತ್ತಿರ ಹೋಗಿ ಕೂತ.

"ನಾಳೆ ಬರತೀ ಏನ ಬಾಯವ್ವಾ, ಬಜಾರಿಗೆ?"

"ನಾ ಬಂದ್ರ ನಿನ್ನ ಜಾತ್ರಿ ಮುರೀತೈತಿ" ಎಂದಳು ಬತ್ತಿಯಿಂದ ಕೈ ತೆಗೆಯದೆ. "ನನ್ನ ನೋಡಿದ ಮಂದಿ ಹಂಗ ಹೊಳ್ಳಿ ಮನೀಗಿ ಹೋಗತಾರ."

"ನಿನಗೊಂದು ಮಾತು..."

"ಏನು?"

"ಏನಿಲ್ಲ ಬಿಡು. ಗ್ರಹಣ ನೋಡೂ ಚಾಳಿಸು ಹತ್ತಿಪ್ಪತ್ತು ಕಡಿಮಿ ಬೀಳತಾವೋ ಏನೋ."

ಮರುದಿನ ಬಿಸಿಲು ಕಣ್ಣು ತೆರೆಯುವ ಹೊತ್ತಿಗೆ ಬಜಾರು ತುಂಬಿತ್ತು. ಸಂಪಗಾಂವದಿಂದ, ಮುನವಳ್ಳಿಯಿಂದಲೂ ಜನ ಬಂದಿದ್ದರು. ಬ್ಯಾನರು ಕೆಲಸ ಮಾಡಿತ್ತು. ಹಣಮಂತಪ್ಪ ಅಂಗಡಿಯ ಕಟ್ಟೆಯ ಮೇಲೆ ಟಿವಿ ಇಟ್ಟು ಅದರ ಮುಖ ಬೀದಿಗೆ ತಿರುಗಿಸಿದ್ದ. ಕಂಬಕ್ಕೆ ಕಟ್ಟಿದ ಮೈಕಿನ ಹಾರ್ನು ಹಿಂದಿನ ಓಣಿಯ ಕಡೆ ಬಾಯಿ ತೆರೆದಿತ್ತು; ನಿಜಗುಣಪ್ಪನ ಮನೆ ಆ ಓಣಿಯಲ್ಲಿ ನಾಲ್ಕನೆಯದು. ರಟ್ಟಿನ ಚಾಳಿಸುಗಳನ್ನು, ಗ್ರಹಣದ ಕನ್ನಡಕಗಳನ್ನು, ಹಂಚಿದರು. ಮಾಸ್ತರ ಮಾಡಿ ತೋರಿಸಿದಂತೆ ಹೆಂಗಸರು ಹಿಟ್ಟಿನ ಸಾಣಿಗಿ ಹಿಡಿದರು; ಅದರ ಒಂದೊಂದು ತೂತಿನಿಂದಲೂ ಒಂದೊಂದು ಕಚ್ಚಿದ ಸೂರ್ಯ ನೆಲಕ್ಕೆ ಬಿದ್ದಾಗ ಗುಂಪಿನಲ್ಲಿ ನಗೆ ಎದ್ದಿತು. ಹಣಮಂತಪ್ಪ ಎಲ್ಲರೆದುರು ಮುಷ್ಟಿ ಚುರುಮುರಿ ಬಾಯಿಗೆ ಹಾಕಿಕೊಂಡ.

"ಏನರ ಆದ್ರ ಮೊದಲ ನನಗ ಆಗಲಿ" ಎಂದ.

"ನಿಮಗೇನ ಆಗತೈತಿ ಸಾವ್ಕಾರ್ರ, ನಿಮ್ಮನ್ನ ನುಂಗಾಕ ರಾಹುಗೂ ಆಗಂಗಿಲ್ಲ" ಎಂದಳು ಸಾಣಿಗಿ ಹಿಡಿದ ಒಬ್ಬಳು.

ಎಂಟೂವರೆಯ ಸುಮಾರಿಗೆ ಬಿಸಿಲು ಹಳಸಿದಂತಾಯಿತು. ನೆರಳುಗಳ ಅಂಚು ಹರಿತವಾದವು. ಟಿವಿಯಲ್ಲಿ ಉತ್ತರದ ಯಾವುದೋ ಊರು ಕತ್ತಲಾಗುತ್ತಿತ್ತು; ಕೊನೆಯ ಬೆಳಕು ಉಂಗುರದ ಹರಳಿನಂತೆ ಮಿನುಗಿ ಆರಿತು. ಹಿಂದಿಯಲ್ಲಿ ಯಾರೋ ಏನೋ ಹೇಳಿದರು. ಮಿಲಿಟರಿಯಿಂದ ನಿವೃತ್ತನಾಗಿ ಬಂದ ಒಬ್ಬ ಅದನ್ನು ಕನ್ನಡಕ್ಕೆ ಮಾಡಿ ದೊಡ್ಡ ದನಿಯಲ್ಲಿ ಸಾರಿದ. "ಖಗ್ರಾಸ ಆತು. ಚಾಳಿಸು ತಗದು ಬರಿಗಣ್ಣಿಲೆ ನೋಡಬಹುದಂತ."

ಜನ ಚಾಳಿಸು ತೆಗೆಯತೊಡಗಿದರು. ಕಂಕುಳಲ್ಲಿ ಮಗಳನ್ನು ಎತ್ತಿಕೊಂಡಿದ್ದ ಒಬ್ಬ ತಾಯಿ ಆ ಕೂಸಿನ ಚಾಳಿಸನ್ನೂ ತೆಗೆದು, ಗದ್ದ ಹಿಡಿದು ಮುಖ ಮೇಲಕ್ಕೆತ್ತಿದಳು.

"ತಗೀಬ್ಯಾಡ್ರಿ" ಎಂದ ನಿಜಗುಣಪ್ಪ ಮೈಕಿನಲ್ಲಿ. "ಅದು ಅಲ್ಲಿ ಮಂದಿಗೆ ಹೇಳಿದ್ದು. ಇಲ್ಲಿ ಪೂರ್ತಿ ಮುಚ್ಚಿಲ್ಲ."

"ಬ್ಯಾನರದಾಗ ಖಗ್ರಾಸ ಅಂತ ಬರದೀರಲ್ರಿ ಸರ" ಎಂದ ಮಿಲಿಟರಿಯವ. ಕೆಲವರು ನಕ್ಕರು. ಕೂಸಿನ ಗದ್ದ ಇನ್ನೂ ಮೇಲೆಯೇ ಇತ್ತು.

ಹಾರ್ನಿನ ಬಾಯಿ ಎತ್ತ ಇದೆಯೆಂದು ನಿಜಗುಣಪ್ಪನಿಗೆ ಗೊತ್ತಿತ್ತು. ಮೈಕು ಬದಿಗಿಟ್ಟು ಕೂಗಿದರೆ ಮುಂದಿನ ನಾಲ್ಕು ಸಾಲಿಗೆ ಕೇಳುತ್ತದೆ, ಓಣಿಗೆ ಕೇಳುವುದಿಲ್ಲ. ಆ ತಾಯಿ ನಿಂತದ್ದು ಬಹಳ ಹಿಂದೆ. ಅವನು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದ.

"ನನ್ನ ತಂಗಿ ಬಾಯವ್ವಗ ಗ್ರಹಣ ಬಡದಿಲ್ಲ. ನನ್ನ ಮಾತು ಬಡದೈತಿ. ಎಂಬತ್ತರಾಗ ನಮ್ಮ ಮಾಳಿಗಿ ಮ್ಯಾಲೆ ನಿಂತು, ಖಗ್ರಾಸ ಆತು, ಗಾಜು ತಗಿ ಅಂತ ನಾನ ಹೇಳಿದೆ. ಅವತ್ತೂ ಇಲ್ಲಿ ಖಗ್ರಾಸ ಆಗಿರಲಿಲ್ಲ. ಒಂದು ಎಳಿ ಉಳದಿತ್ತು. ಆ ಎಳಿ ಆಕಿ ಕಣ್ಣು ಸುಡ್ತು. ಹದಿನೈದು ವರ್ಷ ನಾ ಯಾರಿಗೂ ಹೇಳಲಿಲ್ಲ. ಈಗ ಮ್ಯಾಲೆ ಅರ್ಧಾ ಸೂರ್ಯ ಅದಾನ. ಚಾಳಿಸು ಹಾಕ್ಕೋರಿ."

ಟಿವಿಯೊಂದೇ ಮಾತಾಡುತ್ತಿತ್ತು, ಹಣಮಂತಪ್ಪ ಹೋಗಿ ಅದನ್ನು ಬಂದ್ ಮಾಡಿದ. ತಾಯಿ ಕೂಸಿನ ಮುಖವನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಒಬ್ಬೊಬ್ಬರಾಗಿ ಜನ ಚಾಳಿಸು ಹಾಕಿಕೊಂಡರು. ಮಿಲಿಟರಿಯವನು ಎಲ್ಲರಿಗಿಂತ ಕಡೆಗೆ ಹಾಕಿಕೊಂಡ. ಯಾರೂ ನಿಜಗುಣಪ್ಪನ ಕಡೆ ನೋಡಲಿಲ್ಲ. ನೀಲಪ್ಪ, ಯಾರೂ ಹೇಳದೆ, ನಿಚ್ಚಣಿಕೆ ತಂದು ಬ್ಯಾನರಿನ ಹಗ್ಗ ಬಿಚ್ಚತೊಡಗಿದ.

ಗ್ರಹಣ ಬಿಡುವವರೆಗೆ ನಿಜಗುಣಪ್ಪ ಕದಲಲಿಲ್ಲ. ಜನ ಮರಳಿ ಕೊಟ್ಟ ಚಾಳಿಸುಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಚಹಾ ಬೇಡವೆಂದು ಓಣಿಗೆ ತಿರುಗಿದ.

ಬಾಯವ್ವ ಹೊಸ್ತಿಲ ಒಳಗೆ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಅವನು ಚಪ್ಪಲಿ ಬಿಡುವಾಗ ಕೇಳಿದಳು. "ಎಷ್ಟು ಹೊತ್ತು ನೋಡಿದ್ನಿ ನಾ?"

"ನಲವತ್ತು ಸೆಕೆಂಡು. ವಹಿಯೊಳಗ ಬರದೀನಿ."

"ಬರದಿಟ್ಟಿ."

ಅವನು ಎದುರಿಗೆ ಕೂತ. ಅವಳು ಬೇರೆ ಯಾರದೋ ಸುದ್ದಿ ಹೇಳುವವಳಂತೆ ಹೇಳಿದಳು. "ಅವತ್ತ ನಾ ಮುಟ್ಟಾಗಿದ್ನಿ. ಅವ್ವಗೂ ಹೇಳಿರಲಿಲ್ಲ. ಹೇಳಿದ್ರ ಮೂಲ್ಯಾಗ ಕುಂದರಸ್ತಿದ್ಲು, ನಿನ್ನ ಕೂಡ ಮಾಳಿಗಿ ಹತ್ತಾಕ ಆಗತಿರಲಿಲ್ಲ. ಮುಟ್ಟು ಮುಚ್ಚಿಟ್ಟು ಹೋದದ್ದಕ್ಕ ಹಿಂಗಾತು ಅಂತ ತಿಳಕೊಂಡಿದ್ನಿ. ನೂರಾ ತೊಂಬತ್ಮೂರು ಅಮಾಸಿ ಉಪಾಸ ಬಿದ್ದೀನಿ ಅಣ್ಣಾ. ನಿನ್ನ ತಪ್ಪಿಗೆ ನಾ ಉಪಾಸ ಇದ್ದೆ."

ಅವಳು ತಪ್ಪು ತನ್ನದೇ ಎಂದುಕೊಂಡಿದ್ದಳೆಂಬುದು ಅವನಿಗೆ ಗೊತ್ತಿರಲಿಲ್ಲ. ತನ್ನ ಮೌನಕ್ಕೆ ಬೆಲೆಯಾಗಿ ತನ್ನ ಲಗ್ನವನ್ನು ಕೊಟ್ಟಿದ್ದೇನೆ, ಲೆಕ್ಕ ಒಂದಿಷ್ಟಾದರೂ ಸರಿಹೋಗಿರಬೇಕು ಎಂದು ಇಷ್ಟು ದಿನ ತಿಳಿದಿದ್ದ. ಬಾಯವ್ವ ಅದನ್ನು ಬೇಡಿರಲಿಲ್ಲ. ಅದರಿಂದ ಅವಳಿಗೆ ಒಂದು ತುತ್ತೂ ಸಿಕ್ಕಿರಲಿಲ್ಲ.

"ತಪ್ಪಾತು ಬಾಯವ್ವಾ."

"ಮೈಕಿನ್ಯಾಗ ಕೇಳೀನಿ ಅದನ್ನ." ಅವಳು ಎದ್ದಳು. "ಊರಿಗೆ ಹೇಳಿದಿ, ಛಲೋ ಆತು. ನನ್ನ ಕೈಯಾನ ಆರತಿ ತಟ್ಟಿ ಕಸಗೊಂಡಾವರು ಊರ ಮಂದಿ ಅಲ್ಲ. ಅವ್ವ. ಒಳಗ ಕುಂತಾಳ. ಎರಡು ವರ್ಷಾತು ಆಕಿಗೆ ಕಿವಿ ಮಂದ ಆಗಿ, ನಿನ್ನ ಹಾರ್ನ ಆಕಿಗೆ ಮುಟ್ಟಿಲ್ಲ. ಬಾ."

ದೇವರ ಕೋಣೆಯಲ್ಲಿ ಗುರುಬಸವ್ವ ಇನ್ನೂ ಕಣ್ಣು ಮುಚ್ಚಿ ಕೂತಿದ್ದಳು. ಬಾಯವ್ವ ಭುಜ ಮುಟ್ಟಿದಾಗ ಕಣ್ಣು ಬಿಟ್ಟು, ಮಗನನ್ನು ನೋಡಿ "ಗ್ರಹಣ ಬಿಟ್ತೇನಪಾ?" ಎಂದಳು. ಅವನು ಅವಳ ಪಕ್ಕದಲ್ಲಿ ಮೊಣಕಾಲೂರಿ, ಕಿವಿಯ ಹತ್ತಿರ ಬಾಯಿ ತಂದು ಹೇಳತೊಡಗಿದ. ಮಾಳಿಗೆ, ಗಾಜು, ಪತ್ರಿಕೆ, ಉಳಿದ ಎಳೆ. ಬಜಾರಿನಲ್ಲಿ ಅಷ್ಟು ಜನರೆದುರು ನೆಟ್ಟಗೆ ಬಂದಿದ್ದ ವಾಕ್ಯಗಳು ಇಲ್ಲಿ ನಡುನಡುವೆ ಮುರಿದವು.

ಗುರುಬಸವ್ವ ಅವನ ತುಟಿಗಳನ್ನೇ ನೋಡುತ್ತಿದ್ದಳು. ಕೊನೆಗೆ ಮಗಳ ಕಡೆ ತಿರುಗಿದಳು.

"ಏನಂತಾನ ಇಂವ? ನೀನರ ಹೇಳು."

ಬಾಯವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ಅಂವನ ಇನ್ನೊಮ್ಮೆ ಹೇಳತಾನ" ಎಂದಳು. "ಕೇಳವ್ವಾ."